ಎರಡನೆಯ ಬಾಟಲಿಯ ವಿರುದ್ಧ

ನಮ್ಮ ಬಳಗದಲ್ಲಿ ಹವಳದ ಅಕ್ವೇರಿಯಂ ಸಾಕುವ ಮನೆಗಳು ಮೂರಿವೆ: ಠಾಣೆಯಲ್ಲೊಂದು, ಪುಣೆಯಲ್ಲೊಂದು, ಚೆನ್ನೈಯಲ್ಲೊಂದು. ಕಥೆ, ಕವಿತೆ, ವಿಮರ್ಶೆಗಳ ಈ ಅಂಗಳದಲ್ಲಿ ಗಾಜಿನ ತೊಟ್ಟಿಯ ಮಾತೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಕಳೆದ ಎರಡು ವರ್ಷಗಳಲ್ಲಿ ಮೂರೂ ಮನೆಗಳಲ್ಲಿ ಒಂದೇ ಬಗೆಯ ಅನಾಹುತ ನಡೆಯಿತು. ಮೂರೂ ಸಲ ಒಂದೇ ಬಗೆಯ ಸಲಹೆ ದೊರೆಯಿತು. ಆ ಸಲಹೆ ತಪ್ಪೆಂದು ನಾವೀಗ ದೃಢವಾಗಿ ನಂಬಿದ್ದೇವೆ. ತಪ್ಪೆಂದು ತಿಳಿದ ಮೇಲೂ ಸುಮ್ಮನಿರುವುದು ನಮ್ಮಂತೆಯೇ ಹವಳ ಸಾಕುತ್ತಿರುವ ಇತರರಿಗೆ ಬಗೆವ ದ್ರೋಹವಾದೀತು.

ಅನಾಹುತದ ಸ್ವರೂಪ ಹೀಗೆ. ತೊಟ್ಟಿಯ ಕಲ್ಲುಗಳ ಮೇಲೆ ಹಸಿರು ಪಾಚಿ ಬೆಳೆಯುತ್ತದೆ. ಕೈಯಿಂದ ಕಿತ್ತರೂ ಮತ್ತೆ ಬರುತ್ತದೆ. ಬೇಸತ್ತು ಔಷಧ ಹಾಕುತ್ತೇವೆ. ಎರಡು ಮೂರು ವಾರಗಳಲ್ಲಿ ಪಾಚಿ ಬಿಳಿಚಿ, ಕರಗಿ, ಮಾಯವಾಗುತ್ತದೆ. ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವೆ. ಮುಂದಿನ ಹದಿನೈದು ದಿನಗಳೊಳಗೆ ಮರಳಿನ ಮೇಲೆ ಕುಂಕುಮ ಕದಡಿ ಚೆಲ್ಲಿದಂತಹ ಒಂದು ತೆಳುಪರೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಅಷ್ಟಾಗಿ ಕಾಣದು. ದೀಪ ಉರಿದಂತೆಲ್ಲ ದಪ್ಪಗಾಗಿ, ಮಧ್ಯಾಹ್ನದ ಹೊತ್ತಿಗೆ ಮೈತುಂಬ ಗುಳ್ಳೆಗಳನ್ನು ಹೊತ್ತು ನಿಲ್ಲುತ್ತದೆ. ವಾರ ಕಳೆಯುವಷ್ಟರಲ್ಲಿ ಕಲ್ಲನ್ನೂ ಹವಳದ ಬುಡವನ್ನೂ ಹೊದ್ದುಕೊಳ್ಳುತ್ತದೆ. ಆಗ ಅಂಗಡಿಯವರಾಗಲಿ ಅನುಭವಿಗಳಾಗಲಿ ಒಂದೇ ಮಾತು ಹೇಳುತ್ತಾರೆ: ‘ಇದಕ್ಕೆ ಬೇರೆ ಔಷಧವಿದೆ.’

ನಮ್ಮ ಜಗಳವಿರುವುದು ಈ ಎರಡನೆಯ ಔಷಧದ ಜೊತೆ. ಅದಕ್ಕಿಂತ ಹೆಚ್ಚಾಗಿ, ಅದನ್ನು ಇಷ್ಟು ಸಲೀಸಾಗಿ ನಮ್ಮ ಕೈಗೆ ಕೊಡುವ ಯೋಚನೆಯ ಜೊತೆ.

ಮೊದಲು ಒಂದು ಶಬ್ದದ ಲೆಕ್ಕ ಚುಕ್ತಾ ಆಗಬೇಕು. ಕನ್ನಡದಲ್ಲಿ ನಾವು ಎಲ್ಲವನ್ನೂ ಪಾಚಿ ಎನ್ನುತ್ತೇವೆ. ಬಾವಿಯ ಮೆಟ್ಟಿಲಿನದೂ ಪಾಚಿ, ಮಳೆಗಾಲದ ಅಂಗಳದ್ದೂ ಪಾಚಿ, ಕೆರೆಯ ಮೇಲೆ ತೇಲುವುದೂ ಪಾಚಿ. ಶಾಲೆಯ ಪುಸ್ತಕಗಳು ಸೈನೋಬ್ಯಾಕ್ಟೀರಿಯಾವನ್ನು ‘ನೀಲಿ-ಹಸಿರು ಪಾಚಿ’ ಎಂದೇ ನಮಗೆ ಕಲಿಸಿದವು. ಆದರೆ ನಮ್ಮ ತೊಟ್ಟಿಗಳಲ್ಲಿ ಅದು ನೀಲಿಯೂ ಆಗಿರಲಿಲ್ಲ, ಹಸಿರೂ ಆಗಿರಲಿಲ್ಲ. ಫೈಕೋಎರಿಥ್ರಿನ್ ಎಂಬ ವರ್ಣದ್ರವ್ಯದಿಂದ ಅದು ಕೆಂಪಾಗಿತ್ತು. ವಿಜ್ಞಾನದ ಲೆಕ್ಕದಲ್ಲಿ ಅದು ಪಾಚಿಯೂ ಅಲ್ಲ. ಪಾಚಿಯ ಜೀವಕೋಶಕ್ಕೆ ನಮ್ಮ ಜೀವಕೋಶದ ಹಾಗೆಯೇ ನ್ಯೂಕ್ಲಿಯಸ್ ಇದೆ. ಸೈನೋಬ್ಯಾಕ್ಟೀರಿಯಾಕ್ಕೆ ಅದಿಲ್ಲ, ಅದು ಬ್ಯಾಕ್ಟೀರಿಯಾ. ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಈ ಕುಲದ ಜೀವಿಗಳಿಂದಲೇ. ಗಿಡಮರಗಳ ಎಲೆಯೊಳಗಿನ ಹಸಿರು ಕಣಗಳೂ ಒಂದಾನೊಂದು ಕಾಲದಲ್ಲಿ ಇಂಥದೇ ಬ್ಯಾಕ್ಟೀರಿಯಾಗಳಾಗಿದ್ದವು. ಇಷ್ಟು ಹಳೆಯ, ಇಷ್ಟು ಪಳಗಿದ ಜೀವಿಯನ್ನು ಒಂದು ಪುಡಿಯ ಪೊಟ್ಟಣದಿಂದ ಮನೆ ಬಿಟ್ಟು ಓಡಿಸುತ್ತೇವೆ ಎಂಬ ಧೈರ್ಯ ನಮಗೆ ಬಂದದ್ದಾದರೂ ಎಲ್ಲಿಂದ?

ಶಬ್ದ ತಪ್ಪಿದ್ದರಿಂದ ಲೆಕ್ಕವೂ ತಪ್ಪಿತು. ‘ಪಾಚಿಯ ಔಷಧ ಹಾಕಿದೆವು, ಒಂದು ಪಾಚಿ ಸತ್ತಿತು, ಇನ್ನೊಂದು ಪಾಚಿ ಬಂತು, ಇದೆಂಥ ದುರದೃಷ್ಟ’ ಎಂದು ನಾವು ಹಣೆ ಚಚ್ಚಿಕೊಂಡೆವು. ನಿಜಕ್ಕೂ ನಡೆದದ್ದೇನೆಂದು ಠಾಣೆಯ ತೊಟ್ಟಿಯ ಉದಾಹರಣೆಯಿಂದ ಹೇಳುತ್ತೇವೆ.

ಆ ತೊಟ್ಟಿ 300 ಲೀಟರಿನದು. ಅದರಲ್ಲಿದ್ದದ್ದು ಮೆದು ಹವಳಗಳು ಮಾತ್ರ. ಕಲ್ಲುಹವಳಗಳನ್ನು ನಮ್ಮ ಸಮುದ್ರದಿಂದ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆ ದಾರಿಗೆ ನಾವು ಹೋದವರಲ್ಲ. ಕಲ್ಲುಗಳ ಮೇಲೆ ಬೆಳೆದದ್ದು ಬ್ರಯೋಪ್ಸಿಸ್, ಹಕ್ಕಿಯ ಪುಕ್ಕದಂತಹ ಹಸಿರು ಪಾಚಿ. ಅದಕ್ಕೆ ಫ್ಲುಕೊನಜೋಲ್ ಹಾಕುವ ಪದ್ಧತಿಯಿದೆ. ಮನುಷ್ಯರ ಶಿಲೀಂಧ್ರ ಸೋಂಕಿಗೆ ಕೊಡುವ ಅದೇ ಮಾತ್ರೆ. ಲೀಟರಿಗೆ ಸುಮಾರು 5 ಮಿಲಿಗ್ರಾಂ ಲೆಕ್ಕದಲ್ಲಿ 1500 ಮಿಲಿಗ್ರಾಂ, ಅಂದರೆ 150 ಮಿಲಿಗ್ರಾಂನ ಹತ್ತು ಮಾತ್ರೆಗಳು. ಔಷಧ ನೀರಿನಲ್ಲಿ ಉಳಿಯಬೇಕೆಂದು ಕಾರ್ಬನ್ ತೆಗೆದೆವು, ಪ್ರೋಟೀನ್ ಸ್ಕಿಮ್ಮರ್ ನಿಲ್ಲಿಸಿದೆವು, ಮೂರು ವಾರ ನೀರು ಬದಲಿಸಲಿಲ್ಲ. ಬ್ರಯೋಪ್ಸಿಸ್ ಸತ್ತಿತು. ಔಷಧ ತನ್ನ ಕೆಲಸ ಮಾಡಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಸತ್ತ ಪಾಚಿ ಹೋದದ್ದೆಲ್ಲಿಗೆ? ಎಲ್ಲಿಗೂ ಹೋಗಲಿಲ್ಲ. ತಿಂಗಳುಗಟ್ಟಲೆ ಮೀನಿನ ಆಹಾರದಿಂದ ಹೀರಿ ತನ್ನ ಮೈಯಲ್ಲಿ ಕೂಡಿಟ್ಟ ಸಾರಜನಕವನ್ನೂ ರಂಜಕವನ್ನೂ ಅದು ಕೊಳೆಯುತ್ತ ನೀರಿಗೆ ಮರಳಿಸಿತು. ಅದನ್ನು ಹೊರಗೆಳೆಯಬೇಕಾದ ಸ್ಕಿಮ್ಮರನ್ನು ನಾವೇ ನಿಲ್ಲಿಸಿದ್ದೆವು. ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಹೆಚ್ಚಿದವು. ಕಲ್ಲಿನೊಳಗಿನ ಆಮ್ಲಜನಕವಿಲ್ಲದ ಸಂದುಗಳಲ್ಲಿ ಅವು ನೈಟ್ರೇಟನ್ನು ಒಡೆದು ಸಾರಜನಕದ ಗಾಳಿಯಾಗಿ ಹಾರಿಸಿಬಿಟ್ಟವು. ಫಾಸ್ಫೇಟಿಗೆ ಹಾಗೆ ಹಾರಿಹೋಗುವ ದಾರಿಯಿಲ್ಲ. ನಾಲ್ಕನೆಯ ವಾರ ಪರೀಕ್ಷಿಸಿದಾಗ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಲೀಟರಿಗೆ 0.4 ಮಿಲಿಗ್ರಾಂ. ಸಮುದ್ರದ ಸೂಕ್ಷ್ಮಸಸ್ಯಗಳ ಮೈಯಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16 ಇರುತ್ತವೆಂದು ರೆಡ್‌ಫೀಲ್ಡ್ ಎಂಬ ವಿಜ್ಞಾನಿ ಕಳೆದ ಶತಮಾನದಲ್ಲಿ ತೋರಿಸಿದರು. ನೈಟ್ರೇಟ್ ಮತ್ತು ಫಾಸ್ಫೇಟುಗಳ ತೂಕದಲ್ಲಿ ಹೇಳುವುದಾದರೆ ಅದು ಸುಮಾರು 10ಕ್ಕೆ 1. ಈ ಪ್ರಮಾಣ ಮಂತ್ರವೇನಲ್ಲ, ತೊಟ್ಟಿಯೆಲ್ಲ ಅದರಂತೆಯೇ ಇರಬೇಕೆಂಬ ನಿಯಮವೂ ಇಲ್ಲ. ಆದರೆ ನಮ್ಮದು ತಲೆಕೆಳಗಾಗಿತ್ತು. ಸಾರಜನಕವಿಲ್ಲದ, ರಂಜಕ ತುಂಬಿದ ನೀರಿನಲ್ಲಿ ಹಸಿರು ಪಾಚಿ ಹಸಿದು ಕೂರುತ್ತದೆ. ಸೈನೋಬ್ಯಾಕ್ಟೀರಿಯಾದ ಹಲವು ಬಗೆಗಳು ಹಸಿಯುವುದಿಲ್ಲ. ನೀರಿನಲ್ಲಿ ಕರಗಿದ ಗಾಳಿಯ ಸಾರಜನಕವನ್ನೇ ಅವು ಆಹಾರ ಮಾಡಿಕೊಳ್ಳಬಲ್ಲವು.

ಇದರ ಮೇಲೆ ಇನ್ನೊಂದು ಸಂಗತಿ. ಫ್ಲುಕೊನಜೋಲ್ ಕೆಲಸ ಮಾಡುವುದು ನ್ಯೂಕ್ಲಿಯಸ್ ಇರುವ ಜೀವಕೋಶಗಳ ಪೊರೆಗೆ ಬೇಕಾದ ಸ್ಟೆರಾಲ್ ತಯಾರಿಯನ್ನು ತಡೆದು. ಸೈನೋಬ್ಯಾಕ್ಟೀರಿಯಾಕ್ಕೆ ಆ ತಯಾರಿಯ ಹಂಗಿಲ್ಲ. ಹೀಗೆ ನಾವು ಹಾಕಿದ ಹತ್ತು ಮಾತ್ರೆಗಳು ಅದರ ಪ್ರತಿಸ್ಪರ್ಧಿಯನ್ನು ಕೊಂದವು, ಆ ಪ್ರತಿಸ್ಪರ್ಧಿಯ ಹೆಣವನ್ನೇ ಅದಕ್ಕೆ ಊಟವಾಗಿ ಬಡಿಸಿದವು, ಖಾಲಿಯಾದ ಕಲ್ಲುಗಳನ್ನು ವಾಸಕ್ಕೆ ಕೊಟ್ಟವು, ಅದರ ಮೈಗೆ ಮಾತ್ರ ಒಂದು ಗೀರೂ ಬೀಳಿಸಲಿಲ್ಲ. ಇಷ್ಟೆಲ್ಲ ಉಪಚಾರ ಮಾಡಿ ಕರೆದ ಅತಿಥಿಯನ್ನು ‘ಹೊಸ ರೋಗ’ ಎಂದು ಕರೆಯುವುದು ಯಾವ ನ್ಯಾಯ? ಕೆಂಪು ಲೋಳೆ ಮೊದಲ ಔಷಧದ ಬಾಕಿ ಬಿಲ್ಲು. ಅದಕ್ಕೆ ಎರಡನೆಯ ಔಷಧ ಹಾಕುವುದೆಂದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದಂತೆ.

ಆ ಎರಡನೆಯ ಔಷಧವಾದರೂ ಏನು? ಬಹುಮಟ್ಟಿಗೆ ಅದು ಆಂಟಿಬಯೋಟಿಕ್. ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಎರಿಥ್ರೊಮೈಸಿನ್. ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ಅದು ನಿಲ್ಲಿಸುತ್ತದೆ. ಕೆಂಪು ಪರೆ ಎರಡು ಮೂರು ದಿನಗಳಲ್ಲಿ ಬಣ್ಣಗೆಟ್ಟು ಕಳಚಿ ಬೀಳುತ್ತದೆ. ನೋಡಲು ಪವಾಡದಂತಿರುತ್ತದೆ, ಅದರ ಮೋಹವೇ ಅದು. ಆದರೆ ತೊಟ್ಟಿಯಲ್ಲಿ ಮೀನಿನ ಹೇಲುಚ್ಚೆಯ ಅಮೋನಿಯಾವನ್ನು ತಿಂದು ಎಲ್ಲರನ್ನೂ ಬದುಕಿಸುತ್ತಿರುವವೂ ಬ್ಯಾಕ್ಟೀರಿಯಾಗಳೇ. ಹವಳದ ಮೈಮೇಲಿನ ಲೋಳೆಯಲ್ಲಿ ಮನೆ ಮಾಡಿಕೊಂಡಿರುವವೂ ಅವೇ. ಔಷಧ ಇವರನ್ನು ಬಿಟ್ಟು ಅವರನ್ನಷ್ಟೇ ಕೊಲ್ಲುತ್ತದೆಂಬ ಖಾತರಿಯನ್ನು ಯಾರು ಕೊಡಬಲ್ಲರು? ಜೊತೆಗೆ, ಸತ್ತ ಪರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಪುಣೆಯ ಮನೆಯಲ್ಲಿ ಔಷಧ ಹಾಕಿದ ಎರಡನೆಯ ಬೆಳಿಗ್ಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಗಾಳಿಯ ಪಂಪು ತಂದು ಹಾಕುವಷ್ಟರಲ್ಲಿ ಕ್ಲೌನ್ ಮೀನುಗಳ ಜೋಡಿಯಲ್ಲಿ ಒಂದು ಸತ್ತಿತ್ತು. ಆರು ವರ್ಷ ಆ ಮನೆಯಲ್ಲಿದ್ದ ಮೀನು ಅದು. ಪೊಟ್ಟಣದ ಮೇಲೆ ‘ಗಾಳಿ ಚೆನ್ನಾಗಿ ಆಡಿಸಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಓದದೆ ಹೋದದ್ದು ನಮ್ಮ ತಪ್ಪು. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

ಇನ್ನು ಪವಾಡದ ಆಯುಸ್ಸಿನ ಮಾತು. ಪುಣೆಯಲ್ಲಿ ಐದು ವಾರಕ್ಕೆ ಕೆಂಪು ಮರಳಿತು. ಚೆನ್ನೈಯಲ್ಲಿ ಏಳು ವಾರಕ್ಕೆ. ಮರಳದೆ ಇನ್ನೇನು? ಫಾಸ್ಫೇಟ್ ಅಲ್ಲೇ ಇತ್ತು, ಮರಳಿನಡಿಯ ಕೊಳೆ ಅಲ್ಲೇ ಇತ್ತು, ಖಾಲಿ ಕಲ್ಲು ಖಾಲಿಯಾಗಿಯೇ ಇತ್ತು.

ಸತ್ತದ್ದು ಮಾಯವಾಗುವುದಿಲ್ಲ ಎಂಬ ಪಾಠವನ್ನು ನಮಗಿಂತ ಬಹಳ ದೊಡ್ಡ ಬೆಲೆ ತೆತ್ತು ಕಲಿತ ಊರೊಂದಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯಾಚೆ ಪಾಮ್ ಐಲೆಂಡ್ ಎಂಬ ದ್ವೀಪವಿದೆ, ಬಹುಪಾಲು ಮೂಲನಿವಾಸಿಗಳ ಊರು. 1979ರಲ್ಲಿ ಅಲ್ಲಿನ ಕುಡಿಯುವ ನೀರಿನ ಅಣೆಕಟ್ಟೆಯಲ್ಲಿ ಸೈನೋಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆಯಿತು. ನೀರು ವಾಸನೆ ಹೊಡೆಯುತ್ತಿದೆ ಎಂಬ ದೂರಿಗೆ ಪರಿಹಾರವಾಗಿ ಕಾಪರ್ ಸಲ್ಫೇಟ್ ಸುರಿಯಲಾಯಿತು. ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಹೊಡೆಯುವ ಮೈಲುತುತ್ತವೇ ಅದು. ಜೀವಕೋಶಗಳು ಒಡೆದವು. ಒಳಗಿದ್ದ ವಿಷ ನೀರಿಗೆ ಬಂತು. ಕೆಲವೇ ದಿನಗಳಲ್ಲಿ 148 ಮಂದಿ ಯಕೃತ್ತು, ಕರುಳು, ಮೂತ್ರಪಿಂಡಗಳ ತೊಂದರೆಯಿಂದ ಹಾಸಿಗೆ ಹಿಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ನೀರಿನ ವಾಸನೆಗೆ ಮದ್ದು ಹುಡುಕಿದವರಿಗೆ ಜೀವಕೋಶದೊಳಗೆ ಏನಿದೆ ಎಂದು ಕೇಳಬೇಕೆನಿಸಿರಲಿಲ್ಲ. ನಮ್ಮ 300 ಲೀಟರಿನ ತೊಟ್ಟಿಗೂ ಆ ಅಣೆಕಟ್ಟೆಗೂ ಹೋಲಿಕೆಯೇ ಎಂದು ಕೇಳಬಹುದು. ಗಾತ್ರದಲ್ಲಿ ಇಲ್ಲ. ‘ಕಣ್ಣಿಗೆ ಕಾಣದಂತೆ ಮಾಡಿದರೆ ಮುಗಿಯಿತು’ ಎಂಬ ನಂಬಿಕೆಯಲ್ಲಿ ಇದೆ.

ಜಾಗ ಖಾಲಿಯಾದರೆ ಯಾರಾದರೂ ಬಂದು ಕೂರುತ್ತಾರೆಂಬುದಕ್ಕೂ ಸಮುದ್ರವೇ ಸಾಕ್ಷಿ. 1983ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಡಯಾಡೆಮಾ ಎಂಬ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ಯಾವುದೋ ಸೋಂಕಿಗೆ ತುತ್ತಾಗಿ ಸಾಮೂಹಿಕವಾಗಿ ಸತ್ತವು. ಹವಳದ ದಿಬ್ಬಗಳ ಮೇಲಿನ ಪಾಚಿಯನ್ನು ಮೇಯುತ್ತಿದ್ದವು ಅವು. ಮೇಯುವವರು ಹೋದ ಮೇಲೆ ಜಮೈಕಾದಂತಹ ಕಡೆ ಹವಳದ ಜಾಗವನ್ನೆಲ್ಲ ಪಾಚಿ ಆಕ್ರಮಿಸಿತು. ಅಲ್ಲಿ ಪಾಚಿಯನ್ನು ಬೈದು ಫಲವಿರಲಿಲ್ಲ. ಮೇಯುವವರು ಇಲ್ಲದಿರುವುದೇ ಕೇಡಾಗಿತ್ತು. ನಮ್ಮ ತೊಟ್ಟಿಗಳಲ್ಲೂ ಬ್ರಯೋಪ್ಸಿಸ್ ಬಂದದ್ದು ಅತಿಯಾದ ಮೀನಿನ ಆಹಾರದಿಂದ, ಸಾಲದ ಬಸವನಹುಳುಗಳಿಂದ, ನೀರು ಬದಲಿಸುವ ದಿನವನ್ನು ಮುಂದೂಡುತ್ತ ಹೋದ ನಮ್ಮ ಸೋಮಾರಿತನದಿಂದ. ಅದಕ್ಕೆ ಯಾವ ಅಂಗಡಿಯಲ್ಲೂ ಔಷಧವಿಲ್ಲ.

ಎರಡನೆಯ ಬಾಟಲಿಯ ಪರವಾಗಿ ಮಾತನಾಡುವವರ ವಾದಗಳನ್ನು ನಾವು ಕೇಳಿದ್ದೇವೆ; ಅವರಲ್ಲಿ ನಮ್ಮ ಸ್ನೇಹಿತರೂ ಇದ್ದಾರೆ. ಮೊದಲ ವಾದ: ‘ಹವಳ ಉಸಿರುಗಟ್ಟಿ ಸಾಯುತ್ತಿರುವಾಗ ನಿಮ್ಮ ತಾಳ್ಮೆಯ ಪಾಠ ಯಾರಿಗೆ ಬೇಕು?’ ಇದು ನ್ಯಾಯವಾದ ಪ್ರಶ್ನೆ. ಪರೆಯನ್ನು ದಿನವೂ ಎಳೆದು ತೆಗೆದರೂ ಹವಳದ ಮೈ ಮುಚ್ಚುತ್ತಲೇ ಇದ್ದರೆ, ಕಾರಣಗಳನ್ನೆಲ್ಲ ಸರಿಪಡಿಸಿದ ಮೇಲೂ ಹಾಗೆಯೇ ಆದರೆ, ಕೊನೆಯ ಉಪಾಯವಾಗಿ ಒಮ್ಮೆ ಔಷಧ ಬಳಸುವುದನ್ನು ನಾವು ವಿರೋಧಿಸುವುದಿಲ್ಲ. ನಮ್ಮ ವಿರೋಧವಿರುವುದು ಕೊನೆಯ ಉಪಾಯ ಮೊದಲ ಉಪಾಯವಾಗಿರುವುದಕ್ಕೆ. ಮೂರೂ ಮನೆಗಳಲ್ಲಿ ಔಷಧದ ಹೆಸರು ಹೇಳಿದ ಒಬ್ಬರೂ ‘ನಿಮ್ಮ ನೈಟ್ರೇಟ್ ಎಷ್ಟಿದೆ?’ ಎಂದು ಕೇಳಲಿಲ್ಲ.

ಎರಡನೆಯ ವಾದ: ‘ಒಂದು ತೊಟ್ಟಿಯ ಆಂಟಿಬಯೋಟಿಕ್‌ನಿಂದ ಲೋಕವೇನೂ ಮುಳುಗದು.’ ಮುಳುಗದು, ಒಪ್ಪಿದೆವು. ಆದರೆ ಔಷಧ ಹಾಕಿದ ಮೇಲೆ ಬದಲಿಸಿದ ಅರವತ್ತು ಲೀಟರ್ ನೀರನ್ನು ನಾವು ಚೆಲ್ಲಿದ್ದು ಬಚ್ಚಲಿಗೆ. ಬಚ್ಚಲಿನಿಂದ ಅದು ಹೋದದ್ದು ಊರ ಮೋರಿಗೆ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯ ನೀರನ್ನು ಶುದ್ಧೀಕರಿಸಿ ಬಿಡುವ ಘಟಕದ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲೊಕ್ಸಾಸಿನ್ ಇತ್ತೆಂದು 2007ರಲ್ಲಿ ಸಂಶೋಧಕರು ಪ್ರಕಟಿಸಿದಾಗ ನಾವೆಲ್ಲ ಬೆಚ್ಚಿದೆವು. ಕಾರ್ಖಾನೆಯವರನ್ನು ಬೈಯುವ ಹಕ್ಕು ನಮಗೆ ಬೇಕೆಂದಾದರೆ, ಮನೆಯ ಬಚ್ಚಲಿನ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ಮಗುವಿಗೆ ಜ್ವರ ಬಂದಾಗ ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡಬಾರದೆಂದು ಬಲ್ಲ ನಾವು, ಅದೇ ವರ್ಗದ ಔಷಧವನ್ನು ಮರಳಿನ ಬಣ್ಣ ಸರಿಯಿಲ್ಲವೆಂದು ಚಮಚದಲ್ಲಿ ಅಳೆದು ಸುರಿಯುತ್ತೇವೆ.

ಮೂರನೆಯದು ವಾದಕ್ಕಿಂತ ಹೆಚ್ಚಾಗಿ ನಿಟ್ಟುಸಿರು: ‘ಅಷ್ಟು ಪುರುಸೊತ್ತು ಯಾರಿಗಿದೆ?’ ಲೋಕಲ್ ರೈಲಿನಲ್ಲಿ ದಿನಕ್ಕೆ ಮೂರು ಗಂಟೆ ನಿಲ್ಲುವ ನಮಗೆ ಈ ಮಾತು ಅರ್ಥವಾಗುತ್ತದೆ. ಆದರೆ ಪುರುಸೊತ್ತಿಲ್ಲದವರು ಸಾಕಬಾರದ ಪ್ರಾಣಿಗಳ ಪಟ್ಟಿಯಲ್ಲಿ ಹವಳವೂ ಒಂದು ಎಂದು ಮೆಲ್ಲಗೆ ನೆನಪಿಸದೆ ವಿಧಿಯಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಬರಿದೇ ಬೈದು ಎದ್ದು ಹೋಗುವುದು ನಮ್ಮ ಉದ್ದೇಶವಲ್ಲ. ಠಾಣೆಯ ತೊಟ್ಟಿಯಲ್ಲಿ ಎರಡನೆಯ ಬಾಟಲಿಯನ್ನು ತೆರೆಯಲಿಲ್ಲ. ಅಲ್ಲಿ ಮಾಡಿದ್ದನ್ನು ಹೇಳುತ್ತೇವೆ.

ಮೊದಲು, ಬಂದದ್ದು ಯಾರೆಂದು ಗುರುತಿಸಿದೆವು. ಕಂದುಬಣ್ಣದ, ದಾರದಂತೆ ಜೋಲುವ, ಗುಳ್ಳೆ ಹೊತ್ತ ಲೋಳೆ ಡೈನೋಫ್ಲಾಜೆಲೇಟ್ ಎಂಬ ಬೇರೆಯೇ ಜೀವಿಯದಾಗಿರಬಹುದು. ಅದು ಆಂಟಿಬಯೋಟಿಕ್‌ಗೆ ಜಗ್ಗದು. ಪೋಷಕಾಂಶಗಳನ್ನು ಸೊನ್ನೆಗಿಳಿಸಿದರೆ ಇನ್ನಷ್ಟು ಹಬ್ಬಲೂಬಹುದು. ಶಾಲೆಯ ಮಟ್ಟದ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೋಡಿದರೆ ಸಾಕು: ಸೈನೋಬ್ಯಾಕ್ಟೀರಿಯಾ ಎಳೆಎಳೆಯಾಗಿ ಕಾಣುತ್ತದೆ, ಡೈನೋಫ್ಲಾಜೆಲೇಟ್‌ಗಳು ಬಿಡಿಬಿಡಿ ಕಾಳುಗಳಂತೆ ಓಡಾಡುತ್ತವೆ. ನಂತರ ಸ್ಕಿಮ್ಮರ್ ಮತ್ತು ಕಾರ್ಬನ್ ಮತ್ತೆ ಶುರುವಾದವು. ವಾರಕ್ಕೆ ಎರಡು ಸಲ, ಪರೆ ದಪ್ಪಗಿರುವ ಮಧ್ಯಾಹ್ನದ ಹೊತ್ತಿನಲ್ಲೇ, ಸಣ್ಣ ಪೈಪಿನಿಂದ ಅದನ್ನು ಹೀರಿ ಹೊರಚೆಲ್ಲಿದೆವು; ಹೊರಹೋದಷ್ಟು ನೀರನ್ನು ಆರ್‌ಒ ನೀರಿನಲ್ಲಿ ಕಲಸಿದ ಹೊಸ ಉಪ್ಪುನೀರಿನಿಂದ ತುಂಬಿದೆವು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಗೆ ಇಷ್ಟು ನೇರವಾದ ಅರ್ಥವಿದೆಯೆಂದು ಆಗ ತಿಳಿಯಿತು. ಹೀಗೆ ಹೊರಗೆ ಹೋದ ಪರೆ ತಾನು ತಿಂದದ್ದನ್ನೂ ಹೊತ್ತುಕೊಂಡೇ ಹೋಗುತ್ತದೆ. ಔಷಧದಿಂದ ಸತ್ತ ಪರೆ ಅದನ್ನು ಅಲ್ಲೇ ಕಕ್ಕುತ್ತದೆ.

ನೀರು ನಿಂತಂತಿದ್ದ ಮೂಲೆಗೆ ಪಂಪಿನ ಮುಖ ತಿರುಗಿಸಿದೆವು. ಫಾಸ್ಫೇಟನ್ನು ಒಮ್ಮೆಲೇ ಸೊನ್ನೆ ಮಾಡುವ ಆಸೆಯನ್ನು ಕಟ್ಟಿಹಾಕಿ, ಆರು ವಾರಗಳಲ್ಲಿ ನಿಧಾನವಾಗಿ 0.4ರಿಂದ 0.1ಕ್ಕೆ ಇಳಿಸಿದೆವು. ಕೇಳುವವರಿಗೆ ವಿಚಿತ್ರವೆನಿಸುವ ಕೆಲಸವೆಂದರೆ, ನೈಟ್ರೇಟನ್ನು ನಾವೇ ಅಳೆದು ಹಾಕಿ ಲೀಟರಿಗೆ 5 ಮಿಲಿಗ್ರಾಂಗೆ ಏರಿಸಿದ್ದು. ಹಸಿರು ಮತ್ತು ನೇರಳೆ ಪಾಚಿಗಳಿಗೂ ಹವಳಕ್ಕೂ ಅದು ಬೇಕು. ಅವು ಬೆಳೆದರಷ್ಟೇ ಕೆಂಪಿಗೆ ಜಾಗ ಕಡಿಮೆಯಾದೀತು. ಕೆಳಗಿನ ತೊಟ್ಟಿಯಲ್ಲಿ ದೀಪವಿಟ್ಟು ಕೀಟೊಮಾರ್ಫಾ ಎಂಬ ಜಡೆಜಡೆಯಾದ ಪಾಚಿಯನ್ನು ಬೆಳೆಸಿದೆವು. ಪಾಚಿಯನ್ನು ಕೊಂದು ಆರಂಭವಾದ ಕಥೆಗೆ ಪರಿಹಾರವಾಗಿ ಪಾಚಿಯನ್ನೇ ಬೆಳೆಸಬೇಕಾಯಿತು. ಮೇಯಲು ಹತ್ತು ಬಸವನಹುಳುಗಳನ್ನು ಬಿಟ್ಟೆವು. ನಡುವೆ ಒಮ್ಮೆ, ಪರೆಯನ್ನೆಲ್ಲ ಹೀರಿ ತೆಗೆದ ಮೇಲೆ, ಮೂರು ದಿನ ದೀಪ ಆರಿಸಿ ಗಾಳಿಯ ಪಂಪನ್ನು ಹಗಲೂ ರಾತ್ರಿಯೂ ಓಡಿಸಿದೆವು. ಮೆದು ಹವಳಗಳು ಮುದುಡಿದವು, ನಾಲ್ಕನೆಯ ದಿನ ಅರಳಿದವು.

ಮೂರನೆಯ ವಾರ ಕೆಂಪು ಇನ್ನೂ ಹೆಚ್ಚಾಯಿತು. ಆಗ ಎರಡನೆಯ ಬಾಟಲಿಯನ್ನು ಕೈಗೆತ್ತಿಕೊಂಡು ಕೆಳಗಿಟ್ಟದ್ದನ್ನೂ ಮುಚ್ಚಿಡಬಾರದು. ಏಳನೆಯ ವಾರಕ್ಕೆ ಅದು ಕಲ್ಲುಗಳಿಂದ ಇಳಿಯಿತು. ಹನ್ನೊಂದನೆಯ ವಾರಕ್ಕೆ ಒಂದು ಮೂಲೆಯಲ್ಲಿ ಅಂಗೈಯಗಲ ಉಳಿದಿತ್ತು. ಬೆತ್ತಲೆಯಾಗಿದ್ದ ಕಲ್ಲುಗಳ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಚುಕ್ಕೆಚುಕ್ಕೆಯಾಗಿ ಹಬ್ಬತೊಡಗಿತ್ತು. ತಾಳಿದವನು ಬಾಳಿಯಾನು ಎಂದರು ಹಿರಿಯರು. ಅವರು ಹವಳ ಕಂಡವರಲ್ಲದಿದ್ದರೂ ನೀರು ಕಂಡವರು.

ಸಮುದ್ರದಲ್ಲಿಯೂ ಕೆಂಪು ಬರುತ್ತದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಕರಾವಳಿಯಾಚೆ ಅರಬ್ಬೀ ಸಮುದ್ರದ ಮೇಲೆ ಟ್ರೈಕೊಡೆಸ್ಮಿಯಂ ಎಂಬ ಸೈನೋಬ್ಯಾಕ್ಟೀರಿಯಾ ಮರದ ಹೊಟ್ಟಿನಂತೆ ತೇಲುತ್ತದೆ. ಗಾಳಿ ಬೀಸುತ್ತದೆ, ನೀರು ಮಗುಚುತ್ತದೆ, ಅದು ಚದುರುತ್ತದೆ. ನಮ್ಮ ಗಾಜಿನ ತೊಟ್ಟಿಗೆ ಆ ಗಾಳಿಯೂ ಇಲ್ಲ, ಆ ಆಳವೂ ಇಲ್ಲ. ಅವೆರಡರ ಕೆಲಸವನ್ನೂ ಸಾಕುವವರು ತಮ್ಮ ಕೈಯಿಂದ ಮಾಡಬೇಕು. ಮಾಡಲಾರೆವೆನ್ನುವವರು ತೊಟ್ಟಿಯನ್ನು ಬೇರೆಯವರಿಗೆ ಒಪ್ಪಿಸಲಿ. ಮಾಡುವೆವೆನ್ನುವವರಲ್ಲಿ ನಮ್ಮ ಬೇಡಿಕೆ ಒಂದೇ: ಮುಂದಿನ ಸಲ ಯಾರಾದರೂ ‘ಇದಕ್ಕೆ ಬೇರೆ ಔಷಧವಿದೆ’ ಎಂದರೆ, ದುಡ್ಡು ಕೊಡುವ ಮೊದಲು ಮನೆಗೆ ಹೋಗಿ ನೀರನ್ನು ಪರೀಕ್ಷಿಸಿ. ಠಾಣೆಯ ಆ ಬಾಟಲಿ ಇನ್ನೂ ತೊಟ್ಟಿಯ ಕೆಳಗಿನ ಕಪಾಟಿನಲ್ಲಿದೆ, ಸೀಲು ಒಡೆಯದೆ.